ಸೋಮವಾರ ಬೆಳಗಿನ ಹೊಟ್ಟೆನೋವು

ಸೋಮವಾರ ಬೆಳಿಗ್ಗೆ ಶಾಲಾ ವಾಹನ ಬರುವ ಹೊತ್ತಿಗೆ ಸರಿಯಾಗಿ ಮಗುವಿಗೆ ಹೊಟ್ಟೆನೋವು. ವಾಹನ ಹೋದ ಅರ್ಧ ತಾಸಿನಲ್ಲಿ ನೋವು ಮಾಯ. ಅಜ್ಜಿ ಓಮದ ಕಷಾಯ ಕುಡಿಸುತ್ತಾರೆ, ವೈದ್ಯರು ಪರೀಕ್ಷಿಸಿ ಏನೂ ಇಲ್ಲವೆನ್ನುತ್ತಾರೆ, ಕೊಲ್ಲಿ ರಾಷ್ಟ್ರದಲ್ಲಿರುವ ತಂದೆ ದೂರವಾಣಿಯಲ್ಲಿ ಗದರಿಸುತ್ತಾರೆ. ಕೊನೆಗೆ ಮನೆಯವರೆಲ್ಲರೂ ಸೇರಿ ನೀಡುವ ತೀರ್ಪು ಒಂದೇ: ಸೋಮಾರಿತನ.

ಕಡಿಯಾಳಿಯಿರಲಿ, ಕಾಪುವಿರಲಿ, ಕಾರ್ಕಳವಿರಲಿ, ನಮ್ಮ ಕುಟುಂಬಗಳಿಗೆ ಈ ದೃಶ್ಯ ಅಪರಿಚಿತವೇನಲ್ಲ. ಆದರೆ ಆ ನೋವು ಸುಳ್ಳಲ್ಲ. ಆತಂಕಕ್ಕೊಳಗಾದ ಮಗುವಿನ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ತನ್ನ ಭಯಕ್ಕೆ ಹೆಸರಿಡಲು ತಿಳಿಯದ ವಯಸ್ಸಿನಲ್ಲಿ ದೇಹವೇ ಅದರ ಪರವಾಗಿ ಮಾತನಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ಸಮಸ್ಯೆಯಿರುವುದನ್ನು ಕಂಡಿತು. ನಲವತ್ತು ಮಕ್ಕಳ ತರಗತಿಗೆ ಸುಮಾರು ಮೂವರು! ಅವರು ಯಾವ ಬೆಂಚಿನಲ್ಲಿ ಕುಳಿತಿದ್ದಾರೆಂಬುದು ಹಾಜರಿ ಪುಸ್ತಕದಿಂದ ತಿಳಿಯುವುದಿಲ್ಲ.

ನಮ್ಮ ಕರಾವಳಿಯ ಮಗುವಿಗೆ ಇನ್ನೊಂದು ಹೊರೆಯೂ ಇದೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಬಹುತೇಕ ಮಕ್ಕಳು ಇದನ್ನು ಲೀಲಾಜಾಲವಾಗಿ ನಿಭಾಯಿಸುತ್ತಾರೆ. ಆದರೆ ಓದು-ಬರಹದಲ್ಲಿ ಕಲಿಕಾ ನ್ಯೂನತೆಯುಳ್ಳ ಮಗು ಎಲ್ಲರೆದುರು ತಡವರಿಸಿ, ನಗೆಪಾಟಲಾಗಿ, ಕ್ರಮೇಣ ಶಾಲೆಯೆಂದರೇ ಬೆದರತೊಡಗುತ್ತದೆ. ನಾವು ನೋಡುವುದು ಅಂಕಪಟ್ಟಿಯನ್ನು ಮಾತ್ರ. ಇಂಥ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾನ್ಯ ಮಾಡಿದೆಯೆಂದೂ, ವೈದ್ಯಕೀಯ ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೇ ಮೊದಲಾದ ರಿಯಾಯಿತಿಗಳು ದೊರೆಯುತ್ತವೆಂದೂ ಅರಿತ ಪಾಲಕರು ವಿರಳ.

ಬದಲಾವಣೆಯನ್ನು ಮೊದಲು ಗುರುತಿಸಬಲ್ಲವರು ಶಿಕ್ಷಕರು. ಮುದ್ದಾಗಿ ಬರೆಯುತ್ತಿದ್ದವನ ಅಕ್ಷರ ಕೆಡುತ್ತದೆ. ಬುತ್ತಿ ತೆರೆಯದೆಯೇ ಮನೆಗೆ ಮರಳುತ್ತದೆ. ಗೆಳತಿಯರ ನಡುವಿದ್ದವಳು ಒಂಟಿಯಾಗುತ್ತಾಳೆ. ಹುಡುಗರಲ್ಲಿ ದುಃಖವು ಎಷ್ಟೋ ವೇಳೆ ಸಿಟ್ಟಿನ ವೇಷ ತೊಟ್ಟು ಬರುವುದರಿಂದ ಅವರಿಗೆ ಸಿಗುವುದು ಸಾಂತ್ವನವಲ್ಲ, ಶಿಕ್ಷೆ. ಶಿಕ್ಷಕರು ರೋಗವನ್ನು ನಿರ್ಣಯಿಸಬೇಕಾಗಿಲ್ಲ. ಗಂಟೆ ಬಾರಿಸಿದ ಮೇಲೆ ಮಗುವನ್ನು ಏಕಾಂತದಲ್ಲಿ ಕರೆದು ಕೇಳಿಸಿಕೊಂಡು, ತಾವು ಕಂಡದ್ದನ್ನಷ್ಟೇ ಪಾಲಕರಿಗೆ ತಿಳಿಸಿದರೆ ಸಾಕು. ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಡಾ. ಮಾಳವಿಕಾ ಕಪೂರ್ ಭಾರತೀಯ ಶಾಲೆಗಳಲ್ಲಿನ ಮಾನಸಿಕ ಆರೋಗ್ಯವನ್ನು ಕುರಿತು 1997ರಷ್ಟು ಹಿಂದೆಯೇ ಗ್ರಂಥ ರಚಿಸಿದ್ದರು. ವಿಷಯ ಹೊಸದಲ್ಲ, ನಮ್ಮ ಕಿವಿಗೆ ಹೊಸದು.

ಚಿಕಿತ್ಸೆಗಾಗಿ ನಾವು ದೂರ ಹೋಗಬೇಕಿಲ್ಲ. ಕಡಿಯಾಳಿಯಿಂದ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯೂ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯೂ ಹತ್ತಿರದಲ್ಲೇ ಇವೆ. ಎರಡೂ ಕಡೆ ಮನೋವೈದ್ಯರಿದ್ದಾರೆ. ಆದರೂ "ಇಗರ್ಜಿಯವರು ಯಾರಾದರೂ ನೋಡಿಯಾರು, ನಾಳೆ ಹುಡುಗಿಯ ಮದುವೆಗೆ ತೊಡಕಾದೀತು" ಎಂದು ಅಂಜಿ ತಿಂಗಳುಗಳನ್ನು ಕಳೆಯುವವರಿದ್ದಾರೆ. ಕೇವಲ ಪ್ರಾರ್ಥನಾಕೂಟಗಳನ್ನೇ ನೆಚ್ಚಿ ಅಲೆಯುವವರೂ ಇದ್ದಾರೆ. ಜ್ವರ ಬಂದ ಮಗುವಿಗಾಗಿ ನಾವು ಪ್ರಾರ್ಥಿಸುತ್ತೇವೆ, ಗುಳಿಗೆಯನ್ನೂ ಕೊಡುತ್ತೇವೆ. ಇಲ್ಲೇಕೆ ಬೇರೆ ನಿಯಮ? ಮಾನಸಿಕ ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ವಿಧಿಸಿದೆ.

ಎಲ್ಲಕ್ಕಿಂತ ಕಠಿಣವಾದುದು ಚಿಕಿತ್ಸೆಯ ಬಳಿಕ ಮಗು ಶಾಲೆಗೆ ಮರಳುವ ದಿನ. ಮೂರು ವಾರಗಳ ಟಿಪ್ಪಣಿ ಬಾಕಿ, ಸಹಪಾಠಿಗಳ ಪಿಸುಮಾತು, "ಎಲ್ಲಿ ಹೋಗಿದ್ದೆ?" ಎಂಬ ಪ್ರಶ್ನೆ. ಆ ದಿನಕ್ಕೆ ಮೊದಲೇ ಪಾಲಕರೂ ತರಗತಿ ಶಿಕ್ಷಕರೂ ಕುಳಿತು ಮಾತನಾಡಿಕೊಳ್ಳುವುದು ಲೇಸು. ಮೊದಲ ವಾರ ಅರ್ಧ ದಿನವಾದರೆ ಸಾಕೇ? ಬಿಟ್ಟುಹೋದ ಪರೀಕ್ಷೆಯನ್ನು ಮುಂದೂಡಬಹುದೇ? ಎದೆ ಡವಡವಿಸಿದಾಗ ಕೇಳದೆ ಎದ್ದು ಹೋಗಿ ಕುಳಿತುಕೊಳ್ಳಲು ಒಂದು ಕೊಠಡಿ ಇದೆಯೇ? ಸಹಪಾಠಿಗಳಿಗೆ ಏನು ಹೇಳಬೇಕೆಂಬುದನ್ನು ಮಗುವನ್ನೇ ಕೇಳಿ ನಿರ್ಧರಿಸಬೇಕು. ಇವು ಖರ್ಚಿನ ಬಾಬತ್ತುಗಳಲ್ಲ. ಆದರೂ ಮರೆತುಹೋಗುವುದು ಇವೇ.

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದೂ, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕವಿರಿಸಿಕೊಳ್ಳಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ನಿರ್ದೇಶಿಸಿದೆ. ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ, ನಮ್ಮ ಶಾಲೆಯ ಸಮಾಲೋಚಕರು ಯಾರು, ಯಾವ ದಿನ ಸಿಗುತ್ತಾರೆ ಎಂದು ಕೇಳಬಹುದು. ರಾತ್ರಿ ಹೊತ್ತಿನಲ್ಲಿ ಮಗುವಿನ ಮಾತಿನಿಂದ ಗಾಬರಿಯಾದರೆ ಬೆಳಗಾಗಲೆಂದು ಕಾಯದೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸೇವೆ ಉಚಿತ; ಹಗಲಿರುಳೂ ಇದೆ, ಕನ್ನಡದಲ್ಲಿಯೂ ಇದೆ.