ತಿಂಗಳಿಗೆ 25 ಡಾಲರ್

ಹದಿನೈದು ವರ್ಷದ ಹುಡುಗನೊಬ್ಬ ಕಾರು ಕದ್ದು ಸಿಕ್ಕಿಬಿದ್ದಿದ್ದಾನೆ ಎಂದಿಟ್ಟುಕೊಳ್ಳಿ. ಕಾಲ 1960ರ ದಶಕದ ಆರಂಭ, ಸ್ಥಳ ಕ್ಯಾಲಿಫೋರ್ನಿಯಾದ ಯಾವುದೋ ಒಂದು ಕೌಂಟಿ. ನ್ಯಾಯಾಧೀಶರ ಮುಂದೆ ಎರಡು ದಾರಿಗಳಿವೆ. ಹುಡುಗನನ್ನು ಊರಲ್ಲೇ ಇಟ್ಟು ಪ್ರೊಬೇಷನ್ ಅಧಿಕಾರಿಯ ಕಣ್ಗಾವಲಿಗೆ ಒಪ್ಪಿಸಬಹುದು. ಆಗ ಅಧಿಕಾರಿಯ ಸಂಬಳದಿಂದ ಹಿಡಿದು ಆಪ್ತಸಲಹೆಯವರೆಗೆ ಎಲ್ಲ ಖರ್ಚೂ ಕೌಂಟಿಯದೇ. ಇಲ್ಲವೇ ರಾಜ್ಯ ನಡೆಸುವ ಯೂತ್ ಅಥಾರಿಟಿಯ ಸಂಸ್ಥೆಗೆ ಕಳಿಸಿಬಿಡಬಹುದು. ಆಗ ಕೌಂಟಿ ಕಟ್ಟಬೇಕಾದದ್ದು ತಿಂಗಳಿಗೆ 25 ಡಾಲರ್. ಉಳಿದದ್ದನ್ನೆಲ್ಲ ರಾಜ್ಯ ನೋಡಿಕೊಳ್ಳುತ್ತಿತ್ತು.

ಅಲ್ಲಿನ ಕೌಂಟಿ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಆದರೆ ಅದಕ್ಕೆ ತನ್ನದೇ ಖಜಾನೆ ಉಂಟು, ತನ್ನದೇ ಚುನಾಯಿತ ಮಂಡಳಿ ಉಂಟು. ವಿಚಾರಣೆ ಮುಗಿಯುವತನಕ ಮಕ್ಕಳನ್ನು ಇರಿಸುವ ಜುವೆನೈಲ್ ಹಾಲ್, ಅಂದರೆ ನಮ್ಮ ವೀಕ್ಷಣಾಲಯದಂಥದ್ದು, ಕೌಂಟಿಯ ಹೊಣೆ. ತೀರ್ಪಿನ ನಂತರ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಡುವ ದೊಡ್ಡ ಸಂಸ್ಥೆಗಳು ರಾಜ್ಯದವು. ಯಾವ ನ್ಯಾಯಾಧೀಶರೂ ದುಡ್ಡು ಉಳಿಸಲೆಂದು ಮಗುವನ್ನು ಒಳಗೆ ಹಾಕುವುದಿಲ್ಲ, ಅದನ್ನು ನಾನು ನಂಬುತ್ತೇನೆ. ಆದರೆ ಊರಿನಲ್ಲಿ ಒಳ್ಳೆಯ ಕಾರ್ಯಕ್ರಮಕ್ಕೆ ಹಣವೇ ಇಲ್ಲದಿದ್ದಾಗ, ಪ್ರೊಬೇಷನ್ ಅಧಿಕಾರಿಯ ಮೇಜಿನ ಮೇಲೆ ಫೈಲುಗಳ ಗುಡ್ಡೆ ಬಿದ್ದಿರುವಾಗ, ರಾಜ್ಯದ ಬಾಗಿಲು ಹೆಚ್ಚುಕಡಿಮೆ ಪುಕ್ಕಟೆಯಾಗಿ ತೆರೆದಿರುವಾಗ ಕಾಲು ಯಾವ ಕಡೆ ಎಳೆಯುತ್ತದೆ? ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ, ಕೌಂಟಿಗಳು ರಾಜ್ಯದ ಹಾಸಿಗೆಗಳನ್ನು ಧಾರಾಳವಾಗಿ ಹಂಚುತ್ತಿದ್ದವು.

ಇದು ಮೊದಲು ಅಂಕಿಗಳಲ್ಲಿ ಕಂಡದ್ದು 1964ರ ಹೊತ್ತಿಗೆ. ರಾಜ್ಯದ ಜನಸಂಖ್ಯೆ ಏರುತ್ತಿತ್ತು, ಕಟ್ಟಬೇಕಾದ ಹೊಸ ಸಂಸ್ಥೆಗಳ ಪಟ್ಟಿ ಬೆಳೆಯುತ್ತಿತ್ತು. ಆ ಖರ್ಚಿಗೆ ಹೆದರಿ ಬೋರ್ಡ್ ಆಫ್ ಕರೆಕ್ಷನ್ಸ್ ಎಂಬ ರಾಜ್ಯ ಮಂಡಳಿಯಿಂದ ಪ್ರೊಬೇಷನ್ ವ್ಯವಸ್ಥೆಯ ಅಧ್ಯಯನ ನಡೆಯಿತು. ಕರುಣೆಯಿಂದ ಹೊರಟ ಅಧ್ಯಯನ ಅದಲ್ಲ. ಇದ್ದ 58 ಕೌಂಟಿಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಕೆಲವು ತಮ್ಮ ಜನಸಂಖ್ಯೆಯ ಅಳತೆಗೆ ಮೀರಿ ಮಕ್ಕಳನ್ನೂ ವಯಸ್ಕರನ್ನೂ ರಾಜ್ಯಕ್ಕೆ ಕಳಿಸುತ್ತಿದ್ದದ್ದು, ಕೆಲವು ಬಹಳ ಕಡಿಮೆ ಕಳಿಸುತ್ತಿದ್ದದ್ದು ಬೆಳಕಿಗೆ ಬಂತು. ಅಪರಾಧದ ಪ್ರಮಾಣವೊಂದರಿಂದಲೇ ಈ ಅಂತರವನ್ನು ವಿವರಿಸಲಾಗುತ್ತಿರಲಿಲ್ಲ. ಹೊಸದಾಗಿ ರಾಜ್ಯಕ್ಕೆ ಬರುತ್ತಿದ್ದವರಲ್ಲಿ ಕನಿಷ್ಠ ಶೇ. 25 ಮಂದಿಯನ್ನು, ಒಳ್ಳೆಯ ಮೇಲ್ವಿಚಾರಣೆ ಇದ್ದರೆ, ಊರಿನಲ್ಲೇ ಸುರಕ್ಷಿತವಾಗಿ ಇಟ್ಟುಕೊಳ್ಳಬಹುದಿತ್ತು ಎಂದು ಅಧ್ಯಯನ ಹೇಳಿತು.

ಒಳ್ಳೆಯ ಮೇಲ್ವಿಚಾರಣೆಗೆ ಹಣ ಬೇಕು. ಹಣ ರಾಜ್ಯದ ಹತ್ತಿರವಿದೆ, ಹುಡುಗ ಕೌಂಟಿಯ ಹತ್ತಿರವಿದ್ದಾನೆ. 1965ರಲ್ಲಿ ಬಂದ ಪ್ರೊಬೇಷನ್ ಸಬ್ಸಿಡಿ ಕಾನೂನು ಈ ಎರಡನ್ನೂ ಜೋಡಿಸಿತು. ಪ್ರತಿ ಕೌಂಟಿಗೆ 1959–63ರ ಅದರ ಸ್ವಂತ ರೂಢಿಯೇ ಅಳತೆಗೋಲು. ಆ ರೂಢಿಗಿಂತ ಎಷ್ಟು ಕಡಿಮೆ ಜನರನ್ನು ಕಳಿಸುತ್ತೀರೋ ಅಷ್ಟು ತಲೆಗೆ, ತಲೆಯೊಂದಕ್ಕೆ 4,000 ಡಾಲರಿನವರೆಗೆ ರಾಜ್ಯ ಕೊಡುತ್ತದೆ. ಷರತ್ತು ಒಂದೇ: ಆ ಹಣವನ್ನು ತೀವ್ರ ನಿಗಾದ ವಿಶೇಷ ಘಟಕಗಳಿಗೇ ಖರ್ಚು ಮಾಡಬೇಕು, ಆ ಘಟಕಗಳಲ್ಲಿ ಒಬ್ಬ ಅಧಿಕಾರಿಗೆ ಐವತ್ತಕ್ಕಿಂತ ಹೆಚ್ಚು ಪ್ರಕರಣ ಇರಬಾರದು. 1966ರ ಜುಲೈಯಲ್ಲಿ ಯೋಜನೆ ಶುರುವಾಯಿತು. ಕಾನೂನಿನಲ್ಲಿ ಶಿಕ್ಷೆಯ ಒಂದು ಅಕ್ಷರವೂ ಬದಲಾಗಿರಲಿಲ್ಲ. ನ್ಯಾಯಾಧೀಶರ ಅಧಿಕಾರ ಮೊದಲಿನಷ್ಟೇ ಇತ್ತು. ಬದಲಾದದ್ದು ಹಣ ಹರಿಯುವ ದಿಕ್ಕು, ಅಷ್ಟಕ್ಕೇ ರಾಜ್ಯದ ಸಂಸ್ಥೆಗಳಿಗೆ ಬರುವವರ ಸಂಖ್ಯೆ ಇಳಿಯಿತು. 1970ರ ದಶಕದ ಆರಂಭದಲ್ಲಿ ಯೂತ್ ಅಥಾರಿಟಿ ತನ್ನ ಕೆಲವು ಶಾಲೆಗಳಿಗೆ ಬೀಗ ಹಾಕಿತು. ಯೋಜನೆಯ ಶಿಲ್ಪಿಗಳಲ್ಲಿ ಒಬ್ಬರಾದ ರಾಬರ್ಟ್ ಸ್ಮಿತ್ ಇದನ್ನು ಸದ್ದಿಲ್ಲದ ಕ್ರಾಂತಿ ಎಂದು ಕರೆದು ಪುಸ್ತಕವನ್ನೇ ಬರೆದರು.

ಕ್ರಾಂತಿಯ ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸಿದರು. ರಟ್ಗರ್ಸ್ ವಿಶ್ವವಿದ್ಯಾಲಯದ ಪಾಲ್ ಲರ್ಮನ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೇಳಿದ ಪ್ರಶ್ನೆ ಸರಳವಾಗಿತ್ತು: ರಾಜ್ಯಕ್ಕೆ ಹೋಗದ ಆ ಮಕ್ಕಳು ಹೋದದ್ದಾದರೂ ಎಲ್ಲಿಗೆ? ಉತ್ತರ ಹಿತವಾಗಿರಲಿಲ್ಲ. ಎಷ್ಟೋ ಮಂದಿ ಕೌಂಟಿಯ ಜುವೆನೈಲ್ ಹಾಲಿನಲ್ಲೇ ದಿನ ಕಳೆಯುತ್ತಿದ್ದರು. ಸಬ್ಸಿಡಿಗೂ ಮುಂಚೆ, 1961ರಲ್ಲಿ, ಸ್ಯಾಕ್ರಮೆಂಟೊ ಮತ್ತು ಸ್ಟಾಕ್ಟನ್‌ನಲ್ಲಿ ಶುರುವಾದ ಹೆಸರಾಂತ ಸಮುದಾಯ ಚಿಕಿತ್ಸಾ ಪ್ರಯೋಗದಲ್ಲೂ ಅದೇ ಕತೆ. ಸಮುದಾಯದಲ್ಲಿದ್ದಾರೆ ಎಂದು ಕಾಗದದಲ್ಲಿ ಬರೆದಿದ್ದ ಮಕ್ಕಳನ್ನು, ಮಾತು ಕೇಳಲಿಲ್ಲ ಎಂಬಂಥ ಕಾರಣಗಳಿಗೆ, ಮತ್ತೆ ಮತ್ತೆ ಅಲ್ಪಾವಧಿಗೆ ಒಳಗೆ ಹಾಕಲಾಗುತ್ತಿತ್ತು. ರಾಜ್ಯದ ದಾಖಲೆ ಪುಸ್ತಕದಲ್ಲಿ ಅವರು ಸ್ವತಂತ್ರರು, ಕೌಂಟಿಯ ಹಾಜರಿ ಪುಸ್ತಕದಲ್ಲಿ ಬಂಧಿಗಳು. ಈ ವಿಷಯದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಪುಸ್ತಕಗಳಲ್ಲಿ ಲರ್ಮನ್‌ರದೂ ಒಂದು ಎಂಬುದು ನನ್ನ ಅಭಿಪ್ರಾಯ. ಒಂದು ಬಾಗಿಲಿನ ಎಣಿಕೆ ಇಳಿದರೆ ಪಕ್ಕದ ಬಾಗಿಲಿನ ಎಣಿಕೆಯನ್ನೂ ನೋಡಬೇಕೆಂದು ಅದು ತೋರಿಸಿಕೊಟ್ಟಿತು.

ಸಬ್ಸಿಡಿ ಹೆಚ್ಚು ಕಾಲ ಬಾಳಲಿಲ್ಲ. ಬೆಲೆ ಏರುತ್ತಾ ಹೋದರೂ 4,000 ಡಾಲರಿನ ಮಿತಿ ಅಲ್ಲೇ ನಿಂತಿತು. ಬೀದಿಯಲ್ಲಿ ಕಳ್ಳರನ್ನು ಬಿಟ್ಟಿದ್ದೀರಿ ಎಂದು ಪೊಲೀಸರು ಗೊಣಗಿದರು. 1978ರಲ್ಲಿ ಅದರ ಜಾಗಕ್ಕೆ ಬೇರೊಂದು ಅನುದಾನ ಬಂತು. ತಿಂಗಳಿಗೆ 25 ಡಾಲರಿನ ಹಳೆಯ ಶುಲ್ಕ ಮಾತ್ರ ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿಯಿತು. ಕಂಡುಕೊಂಡದ್ದನ್ನು ಮರೆಯಲು ಸರ್ಕಾರಗಳಿಗೆ ಹೆಚ್ಚು ಸಮಯ ಬೇಡ.

ಲರ್ಮನ್ ತೋರಿಸಿದ ಆ ಸ್ಥಳೀಯ ಬಾಗಿಲಿನ ಗುಟ್ಟು ಒಡೆದದ್ದು ದೇಶದ ಇನ್ನೊಂದು ತುದಿಯಲ್ಲಿ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಮಕ್ಕಳ ಬಂಧನ ಕೇಂದ್ರ 1980ರ ದಶಕದ ಕೊನೆಯಲ್ಲಿ ತುಂಬಿ ತುಳುಕುತ್ತಿತ್ತು, ಮೊಕದ್ದಮೆ ಫೆಡರಲ್ ಕೋರ್ಟು ಹತ್ತಿತ್ತು. ರೂಢಿಯ ಪರಿಹಾರವೆಂದರೆ ಇನ್ನೊಂದು ಕಟ್ಟಡ. ಆನ್ನಿ ಇ. ಕೇಸಿ ಪ್ರತಿಷ್ಠಾನದ ನೆರವಿನಿಂದ ಇರಾ ಶ್ವಾರ್ಟ್ಜ್ ಮತ್ತು ಸಂಗಡಿಗರು ಅದಕ್ಕೆ ಮೊದಲು ಒಳಗಿರುವವರು ಯಾರು, ಯಾಕೆ, ಎಷ್ಟು ದಿನದಿಂದ ಎಂದು ಎಣಿಸಲು ಕೂತರು. ಸಮಾಜಕ್ಕೆ ನಿಜವಾಗಿ ಅಪಾಯವಾಗಿದ್ದವರ ಜೊತೆಗೆ ಸಣ್ಣಪುಟ್ಟ ಆರೋಪದವರೂ, ಕೋರ್ಟಿನ ತಾರೀಖು ತಪ್ಪಿಸಿಕೊಂಡವರೂ, ಮುಂದೆ ಎಲ್ಲಿಗೆ ಕಳಿಸುವುದೆಂದು ತೀರ್ಮಾನವಾಗದೆ ಕಾಯುತ್ತಿದ್ದವರೂ ಅಲ್ಲಿದ್ದರು.

ರಾತ್ರಿ ಹನ್ನೊಂದಕ್ಕೆ ಪೊಲೀಸರು ಹುಡುಗನೊಬ್ಬನನ್ನು ಕರೆತಂದಾಗ ಅವನನ್ನು ಒಳಗೆ ಹಾಕಬೇಕೋ ಮನೆಗೆ ಕಳಿಸಬೇಕೋ ಎನ್ನುವುದು ಅಲ್ಲಿಯವರೆಗೆ ಕೌಂಟರಿನಲ್ಲಿ ಕೂತವರ ಅಂದಾಜು. ಆ ಅಂದಾಜಿನ ಜಾಗಕ್ಕೆ ಅಂಕದ ಹಾಳೆಯೊಂದು ಬಂತು. ಈಗಿನ ಆರೋಪಕ್ಕೆ ಇಷ್ಟು, ಹಿಂದಿನ ಪ್ರಕರಣಕ್ಕೆ ಇಷ್ಟು, ಹಿಂದೆ ಪರಾರಿಯಾಗಿದ್ದರೆ ಇಷ್ಟು. ಮುಂದೆ ಫ್ಲಾರಿಡಾದಾದ್ಯಂತ ಬಳಕೆಗೆ ಬಂದ ಹಾಳೆಯಲ್ಲಿ 12 ಅಂಕ ಮುಟ್ಟಿದರೆ ಬಂಧನ, 7ರಿಂದ 11 ಬಂದರೆ ಮನೆಯಲ್ಲೇ ನಿಗಾ, ಅದಕ್ಕೂ ಕಡಿಮೆಯಾದರೆ ಪಾಲಕರ ಸಹಿ ಪಡೆದು ಬಿಡುಗಡೆ. ಇದರ ಜೊತೆಗೆ ಪ್ರಕರಣಗಳು ಬೇಗ ಮುಗಿಯುವಂತೆ ನೋಡಿಕೊಂಡರು. ಇದರ ಗಣಿತ ಶಾಲಾ ಮಕ್ಕಳಿಗೂ ಗೊತ್ತಾಗುವಂಥದ್ದು. ವರ್ಷಕ್ಕೆ 1,200 ಮಕ್ಕಳು ಬಂದು ತಲಾ ಮೂವತ್ತು ದಿನ ಇದ್ದರೆ ಸುಮಾರು 99 ಹಾಸಿಗೆ ಬೇಕು. ಅಷ್ಟೇ ಮಕ್ಕಳು ಬಂದು ಇಪ್ಪತ್ತೇ ದಿನ ಇದ್ದರೆ 66 ಸಾಕು. ಒಂದು ಮಗುವನ್ನೂ ಹೆಚ್ಚುವರಿಯಾಗಿ ಬಿಡುಗಡೆ ಮಾಡದೆ, ಕೋರ್ಟಿನ ಕ್ಯಾಲೆಂಡರನ್ನು ಸರಿಪಡಿಸಿದ್ದರಿಂದಲೇ ಮೂರನೇ ಒಂದು ಭಾಗ ಖಾಲಿ!

ಬ್ರೋವರ್ಡ್‌ನಲ್ಲಿ 1987ರಿಂದ 1992ರ ಹೊತ್ತಿಗೆ ಒಳಗಿರುವವರ ದಿನದ ಸರಾಸರಿ ಶೇ. 65ರಷ್ಟು ಇಳಿಯಿತು. ಕಟ್ಟಡ, ಸಿಬ್ಬಂದಿ, ನಿರ್ವಹಣೆ ಸೇರಿ ಉಳಿದ ಹಣ 50 ಲಕ್ಷ ಡಾಲರಿಗೂ ಹೆಚ್ಚು ಎಂದು ಕೇಸಿ ಪ್ರತಿಷ್ಠಾನ ಲೆಕ್ಕ ಹಾಕಿತು. 1992ರ ಡಿಸೆಂಬರಿನಲ್ಲಿ ಅದೇ ಪ್ರಯೋಗವನ್ನು ಬೇರೆ ಊರುಗಳಿಗೂ ಒಯ್ದಿತು. ಚಿಕಾಗೊ ಇರುವ ಕುಕ್ ಕೌಂಟಿ, ಪೋರ್ಟ್‌ಲೆಂಡ್ ಇರುವ ಮಲ್ಟ್ನೋಮಾ, ಸ್ಯಾಕ್ರಮೆಂಟೊ ಮೊದಲ ಸಾಲಿನಲ್ಲಿದ್ದವು.

ಹಣದ ಸಂಗತಿಯನ್ನು ಎರಡನೇ ಬಾರಿ ಕಂಡುಕೊಂಡದ್ದು ಒಹಾಯೊ. 1992ರಲ್ಲಿ ಆ ರಾಜ್ಯದ ಸಂಸ್ಥೆಗಳಲ್ಲಿ 2,500ಕ್ಕೂ ಹೆಚ್ಚು ಮಕ್ಕಳು ಸಾಮರ್ಥ್ಯ ಮೀರಿ ತುಂಬಿದ್ದರು. 1993ರ ಕಾನೂನು ಕ್ಯಾಲಿಫೋರ್ನಿಯಾಕ್ಕಿಂತ ಜಾಣತನದ್ದು. ಪ್ರತಿ ಕೌಂಟಿಯ ಬಾಲ ನ್ಯಾಯಾಲಯಕ್ಕೂ ರಾಜ್ಯ ಮೊದಲೇ ಒಂದು ಗಂಟು ಕೊಡುತ್ತಿತ್ತು. ನ್ಯಾಯಾಧೀಶರು ಮಗುವನ್ನು ರಾಜ್ಯದ ಸಂಸ್ಥೆಗೆ ಕಳಿಸಿದರೆ ದಿನದ ವೆಚ್ಚದ ಶೇ. 75 ಆ ಗಂಟಿನಿಂದ ಕಡಿತವಾಗುತ್ತಿತ್ತು. ಉಳಿದದ್ದನ್ನು ಊರಿನಲ್ಲೇ ಚಿಕಿತ್ಸೆಗೆ, ನಿಗಾಕ್ಕೆ, ಶಾಲೆಗೆ ಬಳಸಿಕೊಳ್ಳಬಹುದಿತ್ತು. ಕೊಲೆ, ಅತ್ಯಾಚಾರದಂಥ ಪ್ರಕರಣಗಳಿಗೆ ಕಡಿತವಿರಲಿಲ್ಲ, ಹಾಗಾಗಿ ಹಣಕ್ಕಾಗಿ ಅಪಾಯಕಾರಿಯನ್ನು ಬಿಟ್ಟರು ಎನ್ನುವ ಮಾತಿಗೆ ಜಾಗವಿರಲಿಲ್ಲ. 1994ರಲ್ಲಿ ಒಂಬತ್ತು ಕೌಂಟಿಗಳಲ್ಲಿ ಪ್ರಯೋಗ ನಡೆಯಿತು. ಒಂದೇ ವರ್ಷದಲ್ಲಿ ಅಲ್ಲಿಂದ ರಾಜ್ಯಕ್ಕೆ ಹೋಗುವವರ ಸಂಖ್ಯೆ ಶೇ. 40ಕ್ಕೂ ಹೆಚ್ಚು ಇಳಿಯಿತು. ಮರುವರ್ಷ ಯೋಜನೆ ರಾಜ್ಯವ್ಯಾಪಿಯಾಯಿತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಎಡ್ವರ್ಡ್ ಲಟೆಸ್ಸಾ ತಂಡ ನಂತರ ಸಾವಿರಾರು ಮಕ್ಕಳ ದಾಖಲೆ ಜಾಲಾಡಿ ಇನ್ನೊಂದು ಸಂಗತಿ ಹೇಳಿತು: ಹೆಚ್ಚು ಅಪಾಯದವರಿಗೆ ಸಂಸ್ಥೆಯಿಂದ ಪ್ರಯೋಜನವಾಗಬಹುದು, ಕಡಿಮೆ ಅಪಾಯದ ಮಕ್ಕಳು ಮಾತ್ರ ಸಂಸ್ಥೆಯೊಳಗೆ ಹೋಗಿಬಂದ ಮೇಲೆ ಊರಲ್ಲೇ ಉಳಿದವರಿಗಿಂತ ಹೆಚ್ಚಾಗಿ ಮತ್ತೆ ತಪ್ಪು ಮಾಡುತ್ತಾರೆ. ಅಂದರೆ ಅಷ್ಟು ವರ್ಷ ದುಬಾರಿ ಬೆಲೆ ಕೊಟ್ಟು ಕೊಂಡದ್ದು ಹೆಚ್ಚಿನ ಅಪರಾಧವನ್ನು.

ಮೂರನೇ ಸರದಿ ಮತ್ತೆ ಕ್ಯಾಲಿಫೋರ್ನಿಯಾದ್ದೇ. 1996ರಲ್ಲಿ ಯೂತ್ ಅಥಾರಿಟಿಯಲ್ಲಿ ಸುಮಾರು 10,000 ಮಂದಿ ಇದ್ದರು. ಆಗ ಯಾರೋ ಆ 25 ಡಾಲರಿನತ್ತ ನೋಡಿದರು. 1997ರಿಂದ ಶುಲ್ಕ 150 ಡಾಲರಾಯಿತು. ಅದಕ್ಕಿಂತ ಮುಖ್ಯವಾಗಿ, ಹಗುರ ಅಪರಾಧದ ಮಕ್ಕಳನ್ನು ಕಳಿಸಿದರೆ ನಿಜ ವೆಚ್ಚದ ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿಯನ್ನೇ ಕೌಂಟಿ ಕಟ್ಟಬೇಕಾಯಿತು. ಅಪರಾಧ ಹಗುರವಾದಷ್ಟೂ ಬಿಲ್ಲು ಭಾರ. ಏಳೆಂಟು ವರ್ಷಗಳಲ್ಲಿ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಎಲ್ಲವೂ ಶುಲ್ಕದ ಮಹಿಮೆಯಲ್ಲ, ಅದೇ ಹೊತ್ತಿಗೆ ಮಕ್ಕಳ ಅಪರಾಧವೂ ದೇಶದುದ್ದಕ್ಕೂ ಇಳಿಯುತ್ತಿತ್ತು.

ಆ ಇಳಿಕೆಯನ್ನು ಯೋಜನೆ ರೂಪಿಸುವವರು ನಂಬಲಿಲ್ಲ ಎನ್ನುವುದೇ ಕತೆಯ ವಿಚಿತ್ರ ಭಾಗ. 1995ರಲ್ಲಿ ಪ್ರಿನ್ಸ್‌ಟನ್‌ನ ಜಾನ್ ಡಿಯುಲಿಯೊ ‘ಸೂಪರ್ ಪ್ರಿಡೇಟರ್’ ಮಕ್ಕಳ ಅಲೆ ಬರಲಿದೆ ಎಂದು ಬರೆದರು. ಹಿಂಸಾಪರಾಧಕ್ಕೆ ಮಕ್ಕಳ ಬಂಧನ ಅದಕ್ಕೂ ಹಿಂದಿನ ವರ್ಷವೇ ತುದಿ ಮುಟ್ಟಿ ಇಳಿಯತೊಡಗಿತ್ತು. ಅಲೆ ಬರಲಿಲ್ಲ, ಡಿಯುಲಿಯೊ ಮುಂದೆ ತಾವೇ ಆ ಮಾತನ್ನು ಹಿಂತೆಗೆದುಕೊಂಡರು. ಆದರೆ ಅಷ್ಟರಲ್ಲಿ ಹಾಸಿಗೆ ಎಣಿಕೆ ಶುರುವಾಗಿತ್ತು. ಓಕ್‌ಲೆಂಡ್ ಇರುವ ಅಲಮೀಡಾ ಕೌಂಟಿ 540 ಹಾಸಿಗೆಯ ಜುವೆನೈಲ್ ಹಾಲ್ ಕಟ್ಟಲು ಹೊರಟಿತು. ಕಟ್ಟಡಕ್ಕೆ ಹೊರಗಿನಿಂದ ಕೋಟ್ಯಂತರ ಡಾಲರ್ ಅನುದಾನ ಸಿಗುತ್ತಿತ್ತು, ನಡೆಸುವ ಖರ್ಚು ಮಾತ್ರ ಕೌಂಟಿಗೆ. ಮತ್ತೆ ಅದೇ ಒಡವೆ, ಅದೇ ದಾನ. ಊರಿನ ಹದಿಹರೆಯದವರೇ ಸಭೆ ಸಭೆಗೆ ಹೋಗಿ ಗಲಾಟೆ ಮಾಡಿದ ಮೇಲೆ ಮಂಡಳಿ 360ಕ್ಕೆ ಇಳಿಯಿತು. 2007ರಲ್ಲಿ ಸ್ಯಾನ್ ಲಿಯಾಂಡ್ರೊದಲ್ಲಿ ಕಟ್ಟಡ ತೆರೆಯಿತು. ಮುಂದಿನ ದಶಕದಲ್ಲಿ ಅಲ್ಲಿನ ಮಕ್ಕಳ ಸಂಖ್ಯೆ ನೂರಕ್ಕಿಂತ ಕೆಳಗೆ ಇಳಿಯಿತು. ಕಟ್ಟಿದ 360ರಲ್ಲೂ ಬಹುಪಾಲು ಖಾಲಿ. ಖಾಲಿ ಕೋಣೆಗೂ ದೀಪ ಬೇಕು, ಕಾವಲು ಬೇಕು, ಪಾಳಿಯ ಸಂಬಳ ಬೇಕು. ತಲೆಗಳು ಕಡಿಮೆಯಾದಂತೆ ತಲಾ ವೆಚ್ಚ ಗಗನಕ್ಕೇರಿತು. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ 2019ರಲ್ಲಿ ತನ್ನ 150 ಹಾಸಿಗೆಯ ಹಾಲನ್ನು 2021ರ ಕೊನೆಗೆ ಮುಚ್ಚುವುದಾಗಿ ಮತ ಹಾಕಿತು. ಗಡುವು ದಾಟಿದರೂ ಅದು ಮುಚ್ಚಲಿಲ್ಲ.

ಕೊನೆಗೆ ರಾಜ್ಯವೇ ಅಂಗಡಿ ಮುಚ್ಚಿತು. 2020ರ ಕಾನೂನಿನಂತೆ, ಯೂತ್ ಅಥಾರಿಟಿಯ ಉತ್ತರಾಧಿಕಾರಿ ಸಂಸ್ಥೆಗಳು 2023ರ ಜೂನ್ 30ಕ್ಕೆ ಬಾಗಿಲು ಹಾಕಿದವು. ಒಂದು ಕಾಲಕ್ಕೆ ತಿಂಗಳಿಗೆ 25 ಡಾಲರ್ ಕಟ್ಟಿ ಮಕ್ಕಳನ್ನು ದಾಟಿಸುತ್ತಿದ್ದ ಕೌಂಟಿಗಳಿಗೆ ಆಗ ರಾಜ್ಯವೇ ಮಗುವೊಂದಕ್ಕೆ ವರ್ಷಕ್ಕೆ 2,25,000 ಡಾಲರ್ ಲೆಕ್ಕದಲ್ಲಿ ಹಣ ಕೊಡತೊಡಗಿತು, ನೀವೇ ನೋಡಿಕೊಳ್ಳಿ ಎಂದು.

ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಿಲ್ಲ. ಲಾಸ್ ಏಂಜಲೀಸ್ ಕೌಂಟಿಯ ಎರಡು ಜುವೆನೈಲ್ ಹಾಲ್‌ಗಳು ಮಕ್ಕಳ ವಾಸಕ್ಕೆ ಯೋಗ್ಯವಲ್ಲ ಎಂದು ರಾಜ್ಯದ ತಪಾಸಣಾ ಮಂಡಳಿ 2023ರಲ್ಲಿ ಘೋಷಿಸಿತು. ಮಕ್ಕಳನ್ನು ಹೊತ್ತೊಯ್ದು ಇರಿಸಿದ ಲಾಸ್ ಪಾದ್ರಿನೊಸ್ ಹಾಲಿಗೂ ಮರುವರ್ಷ ಅದೇ ಷರಾ ಬಿತ್ತು.