ಅಂಗಳದಲ್ಲೊಂದು ಹಣ್ಣಿನ ಮರ

ನಮ್ಮ ಕುಟುಂಬಗಳು ಹೊಸ ಮನೆ ಕಟ್ಟುವಾಗ ಮೊದಲು ಕಣ್ಮರೆಯಾಗುವುದು ಮುಂದಿನ ಅಂಗಳದ ಮಣ್ಣು. ವಾಹನ ನಿಲ್ಲಿಸಲು ಸ್ಥಳ ಬೇಕು, ಮಳೆಗಾಲದಲ್ಲಿ ಕೆಸರಾಗಬಾರದು, ತರಗೆಲೆ ಗುಡಿಸುವ ಕೆಲಸವೂ ಇರಬಾರದು ಎಂಬ ಕಾರಣಗಳಿಂದ ಗೇಟಿನಿಂದ ಹೊಸ್ತಿಲಿನವರೆಗೆ ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಹಾಸು ಬಂದುಬಿಡುತ್ತದೆ. ಹಿರಿಯರು ನೆಟ್ಟ ಮಾವು, ಪೇರಳೆಗಳು ಅದಕ್ಕೆ ಮೊದಲೇ ನೆಲಕ್ಕುರುಳಿರುತ್ತವೆ. ಅನಂತರ ಅದೇ ಹಣ್ಣುಗಳನ್ನು ನಾವು ಪೇಟೆಯಿಂದ ತೂಕ ಮಾಡಿಸಿ ತರುತ್ತೇವೆ. ಈ ಬದಲಾವಣೆಯಲ್ಲಿ ನಾವು ಪಡೆದುದೆಷ್ಟು, ಕಳೆದುಕೊಂಡುದೆಷ್ಟು ಎಂದು ಒಮ್ಮೆ ಲೆಕ್ಕ ಹಾಕುವುದು ಉಚಿತ.

ಕರಾವಳಿಯ ಅಂಗಳಗಳಿಗೆ ತಮ್ಮದೇ ಆದ ಇತಿಹಾಸವಿದೆ. ನಮ್ಮದೇ ಎಂದು ನಾವು ಭಾವಿಸಿರುವ ಗೇರು, ಪೇರಳೆ, ಪಪಾಯ, ಅನಾನಸ್, ಸೀತಾಫಲ, ಚಿಕ್ಕು ಇವೆಲ್ಲವೂ ಅಮೆರಿಕ ಖಂಡಗಳ ಮೂಲದವು. ಇವುಗಳಲ್ಲಿ ಗೇರು, ಅನಾನಸ್‌ಗಳನ್ನು 16ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಕೊಂಕಣಿಯ ‘ಕಾಜು’, ನಮ್ಮ ‘ಅನಾನಸ್’ ಎಂಬ ಪದಗಳು ಆ ಭಾಷೆಯಿಂದಲೇ ಬಂದಿವೆ. ಆಲ್ಫಾನ್ಸೋ ಮಾವಿಗೆ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ದ ಅಲ್ಬುಕರ್ಕ್‌ನ ಹೆಸರು ಬಂದಿದೆ ಎಂಬುದು ರೂಢಿಯಲ್ಲಿರುವ ಮಾತು. ಗೋವೆಯಲ್ಲಿ ಮಾವಿಗೆ ಕಸಿ ಕಟ್ಟುವ ವಿದ್ಯೆಯನ್ನು ಬೆಳೆಸಿದ ಕೀರ್ತಿ ಯೇಸುಸಭೆಯ ಗುರುಗಳಿಗೆ ಸಲ್ಲುತ್ತದೆ. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ ನಮ್ಮ ಪೂರ್ವಜರಿಗೆ ಮನೆಯೆದುರಿನ ಹಣ್ಣಿನ ಮರ ಸಹಜವಾದ ಸಂಪತ್ತಾಗಿತ್ತು.

ಈಗಿನ ಐದು ಹತ್ತು ಸೆಂಟ್ಸ್ ನಿವೇಶನದಲ್ಲಿ ಮರಕ್ಕೆ ಎಡೆಯೆಲ್ಲಿ ಎಂಬ ಪ್ರಶ್ನೆ ಸಹಜವೇ. ಆದರೆ ಸ್ಥಳ ಕಿರಿದಾದರೆ ಮರವೂ ಕಿರಿದಾಗಿರಬಹುದು. ಹಲಸು, ಮುಂಡಪ್ಪ ಮಾವುಗಳಂತಹ ಹೆಮ್ಮರಗಳು ಹಿತ್ತಿಲು ವಿಶಾಲವಾಗಿರುವವರಿಗೆ ಸೂಕ್ತ. ಮುಂದಿನ ಅಂಗಳಕ್ಕೆ ಪೇರಳೆ, ನಿಂಬೆ, ಸೀತಾಫಲ, ದಾಳಿಂಬೆ, ಪಪಾಯಗಳು ಒಳ್ಳೆಯವು. ಆದರೆ ಬಯಲುಸೀಮೆಯ ಒಣ ಹವೆಯಲ್ಲಿ ಚೆನ್ನಾಗಿ ಫಲಿಸುವ ದಾಳಿಂಬೆಯಿಂದ ಕರಾವಳಿಯ ಮಳೆಯಲ್ಲಿ ಹೆಚ್ಚು ನಿರೀಕ್ಷಿಸಲಾಗದು. ಮಾವೇ ಬೇಕೆನ್ನುವವರಿಗೆ ದಶಹರಿ ಮತ್ತು ನೀಲಂ ತಳಿಗಳ ಸಂಕರದಿಂದ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ‘ಆಮ್ರಪಾಲಿ’ ಇದೆ. ಎರಡೂವರೆ ಮೀಟರ್ ಅಂತರದಲ್ಲಿಯೂ ನೆಡಬಹುದಾದಷ್ಟು ಗಿಡ್ಡ ಜಾತಿ ಅದು. ತಡವಾಗಿ ಮಾಗುವುದರಿಂದ ಕರಾವಳಿಯಲ್ಲಿ ಮುಂಗಾರಿಗೆ ಸಿಕ್ಕಿಕೊಳ್ಳುವ ಸಂಭವವಿದೆ ಎಂಬುದನ್ನು ಮಾತ್ರ ತಿಳಿದಿರಬೇಕು. ಪಪಾಯದಲ್ಲಿ ಕೊಡಗಿನ ಚೆಟ್ಟಳ್ಳಿಯ ‘ಕೂರ್ಗ್ ಹನಿಡ್ಯೂ’ ತಳಿಗೆ ಪ್ರತ್ಯೇಕ ಗಂಡುಗಿಡದ ಅಗತ್ಯವಿಲ್ಲವಾದ್ದರಿಂದ ಒಂದೆರಡು ಗಿಡಗಳನ್ನಷ್ಟೇ ಬೆಳೆಸುವ ಮನೆಗಳಿಗೆ ಅದು ಅನುಕೂಲಕರ.

ಬೀಜದಿಂದ ಬೆಳೆದ ಮಾವು ಫಲ ಕೊಡಲು ಎಂಟು ಹತ್ತು ವರ್ಷ ಹಿಡಿದರೆ, ಕಸಿಗಿಡ ಮೂರು ನಾಲ್ಕು ವರ್ಷಗಳಲ್ಲಿ ಫಲಿಸತೊಡಗುತ್ತದೆ. ತಾಯಿಮರದ ಗುಣವೂ ಅದರಲ್ಲಿ ಹಾಗೆಯೇ ಉಳಿಯುತ್ತದೆ. ಮುರಕಲ್ಲಿನ ನೆಲದಲ್ಲಿ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣು ಮತ್ತು ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನು ಬೆರೆಸಿ ತುಂಬಬೇಕು. ಪೇರಳೆ, ನಿಂಬೆಗಳಿಗೆ ಎರಡು ಅಡಿ ಸಾಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಅಧಿಕ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಗಿಡದ ಬುಡ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿರಬೇಕು. ಬುಡದಲ್ಲಿ ನೀರು ನಿಂತರೆ ಪಪಾಯ ಕೆಲವೇ ದಿನಗಳಲ್ಲಿ ಕೊಳೆತು ಬೀಳುತ್ತದೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಒಡೆಯುವ ಚಿಗುರುಗಳನ್ನು ಚಿವುಟಿ ತೆಗೆಯದಿದ್ದರೆ ಕಾಡುಜಾತಿಯೇ ಬೆಳೆದು, ಕಸಿಯ ಕೊಂಬೆ ಸೊರಗಿಹೋಗುತ್ತದೆ. ಮೊದಲೆರಡು ವರ್ಷ ಹೂವು ಬಂದರೂ ಕೀಳಬೇಕು. ಎಳೆಯ ಗಿಡಕ್ಕೆ ಹಣ್ಣಿನ ಭಾರ ಹೊರಿಸುವುದು ಸರಿಯಲ್ಲ.

ಗೋಡೆ, ಶೌಚಗುಂಡಿ, ವಿದ್ಯುತ್ ತಂತಿ ಈ ಮೂರನ್ನೂ ನೋಡಿಕೊಂಡೇ ಜಾಗ ಆರಿಸಬೇಕು. ತಂತಿಯ ಕೆಳಗೆ ನೆಟ್ಟ ಮಾವಿನ ತಲೆಯನ್ನು ವರ್ಷ ವರ್ಷವೂ ಕಡಿಸಬೇಕಾಗಿ ಬಂದಾಗ ತಪ್ಪು ಮರದ್ದಲ್ಲ. ಕುಯಿಲಿನ ಬಳಿಕ ಹಿತಮಿತವಾಗಿ ಸವರುತ್ತಿದ್ದರೆ ಹೆಚ್ಚಿನ ಹಣ್ಣುಗಳು ಕೈಗೆಟಕುವ ಎತ್ತರದಲ್ಲೇ ದೊರೆಯುತ್ತವೆ. ಪೇರಳೆಯಂತೂ ಹೊಸ ಚಿಗುರಿನಲ್ಲಿಯೇ ಕಾಯಿ ಕಟ್ಟುವುದರಿಂದ ಅದಕ್ಕೆ ಕತ್ತರಿ ಶತ್ರುವಲ್ಲ, ಮಿತ್ರ.

ಹಣ್ಣಿನೊಳಗೆ ಹುಳು ಎಂದು ಅನೇಕರು ಬೇಸತ್ತು ಮರವನ್ನೇ ಕಡಿಸುತ್ತಾರೆ. ಇದು ಹಣ್ಣುನೊಣದ ಕೆಲಸ. ಉದುರಿದ ಹಣ್ಣುಗಳನ್ನು ಅಲ್ಲಿಯೇ ಬಿಡದೆ ದಿನವೂ ಹೆಕ್ಕಿ ಆಳವಾಗಿ ಹೂಳುವುದು, ಮೀಥೈಲ್ ಯೂಜಿನಾಲ್ ಇರಿಸಿದ ಬಲೆಗಳನ್ನು ತೂಗುಹಾಕಿ ಗಂಡುನೊಣಗಳನ್ನು ಹಿಡಿಯುವುದು, ಪೇರಳೆಯ ಎಳೆಗಾಯಿಗಳಿಗೆ ಕಾಗದದ ಚೀಲ ಕಟ್ಟುವುದು ಇವು ವಿಷವಿಲ್ಲದ ಉಪಾಯಗಳು. ಮಕ್ಕಳು ಆಡುವ, ಬಾವಿಯಿರುವ ಅಂಗಳದಲ್ಲಿ ಕೀಟನಾಶಕದ ಮೊರೆ ಹೋಗುವುದು ವಿವೇಕವಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪಾಯದ ಬಿಳಿಹಿಟ್ಟು ತಿಗಣೆ ದಕ್ಷಿಣ ಭಾರತದಾದ್ಯಂತ ಹಬ್ಬಿದಾಗ, ಔಷಧಿಗಳಿಗೆ ಬಗ್ಗದ ಆ ಪಿಡುಗನ್ನು ಹತೋಟಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಹೊರದೇಶದಿಂದ ತರಿಸಿ ಬಿಡುಗಡೆ ಮಾಡಿದ ಒಂದು ಪುಟ್ಟ ಪರಾವಲಂಬಿ ಕಣಜ. ವಿಷ ಸಿಂಪಡಿಸಿದಲ್ಲಿ ಇಂತಹ ಮಿತ್ರಕೀಟಗಳೇ ಮೊದಲು ಸಾಯುತ್ತವೆ.

ಮರ ಉಳಿಸುವುದೆಂದರೆ ನೀರನ್ನೂ ಉಳಿಸುವುದು. ಒಂದು ಸಾವಿರ ಚದರ ಅಡಿಯ ಅಂಗಳದ ಮೇಲೆ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಲೀಟರ್ ಮಳೆನೀರು ಬೀಳುತ್ತದೆ. ಕಾಂಕ್ರೀಟ್ ಹಾಸಿದರೆ ಅದು ಗೇಟು ದಾಟಿ ಚರಂಡಿ ಸೇರುತ್ತದೆ. ಮಣ್ಣೂ ತರಗೆಲೆಯೂ ಇದ್ದರೆ ಅದರಲ್ಲೊಂದು ಪಾಲಾದರೂ ಇಂಗುತ್ತದೆ. ಇಷ್ಟು ಮಳೆಯ ನಾಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ಟ್ಯಾಂಕರಿಗೆ ಕಾಯುವ ಮನೆಯವರು ಇದನ್ನು ಯೋಚಿಸಬೇಕು. ವಾಹನಕ್ಕೆ ಎರಡು ಚಕ್ರದ ಹಾದಿಗಳಷ್ಟೇ ಗಟ್ಟಿಯಾಗಿದ್ದರೆ ಸಾಕು, ಉಳಿದುದು ಮಣ್ಣಾಗಿಯೇ ಇರಬಹುದು.

ಇನ್ನೊಂದು ಮಾತು. ಹಣ್ಣಿನ ಮರ ಒಂದು ಮನೆಗೆ ಬೇಕಾದುದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಒಂದು ವಾರದಲ್ಲಿ ಮಾಗಿಬಿಡುವ ನೂರು ಹಣ್ಣುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವಂತಿಲ್ಲ. ಅವು ಬುಟ್ಟಿಯಲ್ಲಿ ನೆರೆಮನೆಗೆ ಹೋಗಲೇಬೇಕು, ಆ ಬುಟ್ಟಿ ಬರಿದಾಗಿ ಹಿಂದಿರುಗದಿರುವುದು ನಮ್ಮ ನಾಡಿನ ಸಂಪ್ರದಾಯ. ಜಾತಿ ಮತ ನೋಡದೆ ಗೋಡೆ ದಾಟುತ್ತಿದ್ದ ಈ ಕೊಡುಕೊಳ್ಳುವಿಕೆ ಮರಗಳೊಂದಿಗೇ ಕಡಿಮೆಯಾಗುತ್ತಿದೆ. ಕೊಂಬೆ ಗೋಡೆ ದಾಟಿತೆಂದು ನೆರೆಯವರು ಮುನಿಸಿಕೊಳ್ಳುವುದೂ ಉಂಟು. ಎಲೆ ಅವರಿಗೆ, ಹಣ್ಣು ನಮಗೆ ಎಂಬಂತಾದರೆ ಮುನಿಸು ನ್ಯಾಯವೇ. ಅತ್ತ ಬಾಗಿದ ಕೊಂಬೆಯ ಫಲ ಅತ್ತಲಿನವರದೆಂದು ನಾವೇ ಮೊದಲು ಹೇಳಿಬಿಟ್ಟರೆ ಬಹುಪಾಲು ಜಗಳಗಳು ಹುಟ್ಟುವುದಿಲ್ಲ.

ಮಕ್ಕಳೆಲ್ಲ ಗಲ್ಫಿನಲ್ಲಿಯೋ ಮುಂಬಯಿಯಲ್ಲಿಯೋ ಇರುವಾಗ ಇದನ್ನೆಲ್ಲ ನೋಡಿಕೊಳ್ಳುವವರಾರು ಎಂದು ಕೇಳುವ ವೃದ್ಧ ತಂದೆತಾಯಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಬೆಳಗಿನ ಹೊತ್ತು ಒಂದು ಬಕೆಟ್ ನೀರು ಹೊಯ್ಯುವುದು, ಹೂವು ಬಂತೇ ಎಂದು ನೋಡುವುದು, ಶಾಲೆಯಿಂದ ಮರಳುವ ನೆರೆಯ ಮಕ್ಕಳಿಗೆ ಪೇರಳೆ ಕೊಡುವುದು ಒಂಟಿತನದ ದಿನಕ್ಕೊಂದು ಕ್ರಮವನ್ನೂ ನಾಲ್ಕು ಮಾತನ್ನೂ ತಂದುಕೊಡುತ್ತವೆ. ಹತ್ತಲಾಗದವರು ಹಣ್ಣು ಕೊಯ್ಯಲು ನೆರೆಯ ಯುವಕರನ್ನು ಕರೆದು ಅರ್ಧ ಪಾಲು ಕೊಟ್ಟರೆ ಇಬ್ಬರಿಗೂ ಲಾಭ. ರಜೆಯಲ್ಲಿ ಬರುವ ಮೊಮ್ಮಕ್ಕಳ ಹೆಸರಿನಲ್ಲಿ ಒಂದೊಂದು ಗಿಡ ನೆಡಿಸಿದರೆ ಊರಿನಲ್ಲಿ ಅವರದೆಂಬುದೊಂದು ಇರುತ್ತದೆ.

ಗಿಡ ನೆಡಲು ಜೂನ್ ತಿಂಗಳ ಮೊದಲ ಮಳೆಗಳು ಪ್ರಶಸ್ತ. ಗುಂಡಿಯನ್ನು ಮೇ ತಿಂಗಳಿನಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಿದರೆ ಖಾತರಿಯ ಕಸಿಗಿಡಗಳು ದೊರೆಯುತ್ತವೆ. ಅಂಗಳಕ್ಕೆ ಹಾಸು ಹಾಕಿಸಲು ನಿಶ್ಚಯಿಸಿರುವವರು ಕೂಡ ಕೆಲಸದವರು ಬರುವ ಮೊದಲು ಬಿಸಿಲು ಬೀಳುವ ಮೂಲೆಯಲ್ಲಿ ಆರು ಅಡಿ ಚದರದಷ್ಟು ಮಣ್ಣನ್ನು ಗುರುತು ಹಾಕಿ ಬಿಡಿಸಿಕೊಳ್ಳಲಿ. ಒಂದು ಪೇರಳೆ ಗಿಡಕ್ಕೆ ಅಷ್ಟು ಸಾಕು.