ದೊಡ್ಡ ಸಬ್‌ವೂಫರ್ ತಗೊಳ್ಳೋ ಮೊದಲು ಕುರ್ಚಿ ಸರಿಸಿ ನೋಡ್ರಿ

ಶಹಾಪುರದಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಹಾಕಿದ್ರು. ಹಾಡು ಕೇಳ್ಲಿಕ್ಕಂತೇ ಮನ್ಯಾಗ ಒಂದು ರೂಮು ಮಾಡಿಕೊಂಡಾರ: 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. 8 ಇಂಚಿನ ಸಬ್‌ವೂಫರ್ ಅದ. ಅವರ ತಕರಾರು ಏನಂದ್ರ, "ನಾ ಕುಂತಲ್ಲಿ ಬೇಸೇ ಕೇಳಂಗಿಲ್ಲ. ಆದ್ರ ಬಾಜೂ ಕೋಣ್ಯಾಗಿಂದ ಅಪ್ಪ ಗುಂಯ್ ಅನ್ನೋದು ಕಡಿಮಿ ಮಾಡೋ ಅಂತಾರ. ಇಎಂಐ ಮ್ಯಾಲೆ 12 ಇಂಚಿಂದು ತಗೊಳ್ಲಾ?"

ನನ್ನ ಉತ್ತರ: ಇಎಂಐ ಸ್ವಲ್ಪ ತಡೀರಿ. ಇಲ್ಲಿ ಅಪ್ಪ ಹೇಳೋದೂ ಖರೆ, ಮಗ ಹೇಳೋದೂ ಖರೆ. ಯಾಕಂದ್ರ ತೊಂದರೆ ಡಬ್ಬಿಯಲ್ಲಿಲ್ಲ, ರೂಮಿನಲ್ಲಿದೆ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 47 ಹರ್ಟ್ಸ್‌ನ ಒಂದು ಅಲೆ ಸುಮಾರು 24 ಅಡಿ ಉದ್ದ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಅಂದ್ರ ಇದು ಹಾಡುಗಳಲ್ಲಿ ದಿನಾ ಬರುವ ಸ್ವರವೇ. 12 ಅಡಿ ರೂಮು ಆ ಅಲೆಯ ಸರಿಯಾಗಿ ಅರ್ಧ. ಹೋದ ಅಲೆ, ಗೋಡೆಗೆ ಬಡಿದು ವಾಪಸ್ ಬಂದ ಅಲೆ ಎರಡೂ ಕೂಡಿದಾಗ ಗೋಡೆಗಳ ಹತ್ತಿರ ಶಬ್ದ ಉಬ್ಬುತ್ತದೆ, ರೂಮಿನ ನಟ್ಟನಡುವೆ ಸತ್ತೇ ಹೋಗುತ್ತದೆ. ಮಗ ನಡುವೆ ಕುರ್ಚಿ ಹಾಕಿಕೊಂಡು ಕುಂತಾನ, ಅಪ್ಪ ಗೋಡೆಯ ಆಚೆ ಮಲಗ್ಯಾರ. ಈಗ ಲೆಕ್ಕ ಕೂಡ್ತಲ್ಲ?

ನಿಮ್ಮ ರೂಮಿನ ಸಂಖ್ಯೆ ನೀವೇ ತೆಗೀಬಹುದು. 563 ಅನ್ನು ಅಡಿಗಳಿಂದ ಭಾಗಿಸಿ. 12 ಅಡಿಗೆ 47, 10 ಅಡಿಗೆ 56. ಇವರ ಮನ್ಯಾಗ ಅಗಲ, ಎತ್ತರ ಎರಡೂ 10 ಅಡಿ. ಹಾಗಾಗಿ 56 ಹರ್ಟ್ಸ್‌ನಲ್ಲಿ ಗುಂಯ್ ಅನ್ನೋದು ಒಂದರ ಮೇಲೊಂದು ಬಂದು ಕೂಡುತ್ತದೆ.

ಇನ್ನೊಂದು ಮಾತು. ನಾವು ನೋಡೋ ಅಮೆರಿಕದ ವಿಡಿಯೋಗಳಲ್ಲಿ ಮನೆಯ ಗೋಡೆ ಹೆಚ್ಚಾಗಿ ಕಟ್ಟಿಗೆ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಅದು ಬೇಸಿಗೆ ತಾನೂ ಅಲುಗಿ ಒಂದಿಷ್ಟು ನುಂಗುತ್ತದೆ. ಸುರಪುರದ ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ, ಯಾದಗಿರಿಯ ಹೊಸ ಲೇಔಟಿನ ಆರ್‌ಸಿಸಿ ಛತ್ತು, ಕೆಳಗೆ ಶಹಾಬಾದ್ ಪರಸಿ, ಇವು ಯಾವೂ ಅಲುಗೋದಿಲ್ಲ. ಬಂದ ಬೇಸನ್ನು ಬಹುತೇಕ ಹಂಗೇ ವಾಪಸ್ ಕಳಿಸ್ತಾವ. ಅದಕ್ಕ ನಮ್ಮ ಕಡೆ ಈ ಉಬ್ಬು-ತಗ್ಗು ಹೆಚ್ಚು. ಗೋಡೆಗೆ 2 ಇಂಚಿನ ಫೋಮು, ಮೊಟ್ಟೆ ಟ್ರೇ ಅಂಟಿಸಿದ್ರ 24 ಅಡಿ ಅಲೆಗೆ ಏನೂ ಆಗಂಗಿಲ್ಲ.

ಹಂಗಾದ್ರ ಏನು ಮಾಡಬೇಕು? ಮೊದಲು ಖರ್ಚಿಲ್ಲದ ಕೆಲಸಗಳು.

ಒಂದು, ಕುರ್ಚಿಯನ್ನು ನಡುವಿನಿಂದ ಎರಡು-ಮೂರು ಅಡಿ ಹಿಂದಕ್ಕ ಸರಿಸಿ. ಗೋಡೆಗೆ ಪೂರ್ತಿ ಆನಿಸಬೇಡಿ, ಅಲ್ಲಿ ಬೇಸ್ ಅತಿಯಾಗುತ್ತದೆ.

ಎರಡು, ಸಬ್‌ವೂಫರನ್ನೇ ನಿಮ್ಮ ಕುರ್ಚಿಯ ಜಾಗದಲ್ಲಿಟ್ಟು, ಬೇಸ್ ಗಿಟಾರ್ ಮೇಲೆ-ಕೆಳಗೆ ಓಡಾಡುವ ಒಂದು ಹಾಡು ಹಾಕಿ. ಆಮೇಲೆ ಗೋಡೆಗುಂಟ ಬಗ್ಗಿಕೊಂಡು, ಕಿವಿ ನೆಲದ ಹತ್ತಿರ ತಂದು ಕೇಳ್ತಾ ಹೋಗಿ. ಎಲ್ಲಾ ಸ್ವರ ಎಲ್ಲಿ ಸಮನಾಗಿ ಕೇಳ್ತಾವೋ ಅಲ್ಲಿ ಸಬ್‌ವೂಫರ್ ಇಡಿ. ಕೇಳುವ ಜಾಗ, ಬಾರಿಸುವ ಜಾಗ ಅದಲುಬದಲಾದರೂ ರೂಮಿನ ಪರಿಣಾಮ ಅದೇ ಇರುತ್ತದೆ, ಅದಕ್ಕೇ ಇದು ಕೆಲಸ ಮಾಡುತ್ತದೆ. ಮನ್ಯಾಗಿನವರು ನಗ್ತಾರ, ನಗಲಿ.

ಮೂರು, ಕ್ರಾಸ್‌ಓವರ್ 80 ಹರ್ಟ್ಸ್ ಸುತ್ತಮುತ್ತ ಇಟ್ಟು, ಫೇಸ್ ಸ್ವಿಚ್ 0, 180 ಎರಡರಲ್ಲೂ ಕೇಳಿ. ಕುಂತಲ್ಲಿ ಬೇಸ್ ಯಾವುದರಲ್ಲಿ ತುಂಬಿ ಬರುತ್ತದೋ ಅದೇ ಸರಿ.

ಇಷ್ಟಾದ ಮೇಲೂ ಸಾಲದಿದ್ರ ಮಾತ್ರ ರೊಕ್ಕದ ಮಾತು. 8 ಇಂಚಿನಿಂದ 12 ಇಂಚಿಗೆ ಹೋದರೆ ಕೋನಿನ ವಿಸ್ತೀರ್ಣ ಎರಡೂಕಾಲು ಪಟ್ಟು. ಚೆನ್ನಾಗಿ ಮಾಡಿದ್ದಾದ್ರ ಇನ್ನೂ ಕೆಳಗಿನ ಸ್ವರ ಬರ್ತದ, ಸುಳ್ಳಲ್ಲ. ಆದ್ರ ಅದೇ ಜಾಗದಾಗ ಇಟ್ರ ನಡುವಿನ ತಗ್ಗು ತಗ್ಗಾಗೇ ಉಳಿಯುತ್ತದೆ, ಅಪ್ಪನ ಕಡೆಗಿನ ಗುಂಯ್ ಮಾತ್ರ ಜಾಸ್ತಿ ಆಗುತ್ತದೆ.

ಅದಕ್ಕಿಂತ ಈಗಿರುವಂಥದ್ದೇ ಇನ್ನೊಂದು ತಗೊಂಡು ಎದುರು-ಬದುರು ಗೋಡೆಗಳ ನಡುಭಾಗದಲ್ಲಿ ಇಡೋದು ಜಾಣತನ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಇದೇ ವಿಷಯದ ಪ್ರಬಂಧ ಮಂಡಿಸಿದ್ದರು. ಆಯತಾಕಾರದ ರೂಮಿನಲ್ಲಿ ನಾಲ್ಕು ಗೋಡೆಗಳ ನಡುವೆ ನಾಲ್ಕು ಇಟ್ಟರೆ ತುಂಬಾ ಒಳ್ಳೇದು, ಎದುರು ಗೋಡೆಗಳಲ್ಲಿ ಎರಡಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಒಳ್ಳೇದು ಅನ್ನೋದು ಅದರ ಸಾರ. ಕಾರಣ ಸರಳ: 47 ಹರ್ಟ್ಸ್ ಅಲೆ ಒಂದು ಗೋಡೆಯಲ್ಲಿ ಒತ್ತಿದಾಗ ಎದುರಿನ ಗೋಡೆಯಲ್ಲಿ ಎಳೆಯುತ್ತದೆ. ಎರಡೂ ಕಡೆಯಿಂದ ಒಟ್ಟಿಗೆ ಒತ್ತಿದ್ರ ಆ ಉಬ್ಬು ಏಳೋದೇ ಇಲ್ಲ.

ಅಂಗಡ್ಯಾಗ ಡಬ್ಬಿ ಮ್ಯಾಲಿನ ಪಿಎಂಪಿಒ ವ್ಯಾಟ್ ನೋಡಿ ಮರುಳಾಗಬ್ಯಾಡ್ರಿ, ಆರ್‌ಎಂಎಸ್ ಎಷ್ಟು ಅಂತ ಕೇಳ್ರಿ. ವ್ಯಾಟ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಂದ್ರ ಸುಮಾರು 10 ಡೆಸಿಬಲ್, ಅಂದ್ರ ಹತ್ತು ಪಟ್ಟು ವ್ಯಾಟ್ ಬೇಕು.

ಶಹಾಪುರದ ಗೆಳೆಯರೇ, ಈ ಭಾನುವಾರ ಕುರ್ಚಿ, ಡಬ್ಬಿ ಎರಡೂ ಸರಿಸಿ ನೋಡ್ರಿ. ಕುಂತಲ್ಲಿ ಬೇಸ್ ಕೇಳಾಕತ್ತಿದ್ರ ವಾಲ್ಯೂಮ್ ತಾನಾಗೇ ಇಳಿಸ್ತೀರಿ. ಆಮೇಲೆ ಅಪ್ಪನ ಕೋಣ್ಯಾಗ ಹೋಗಿ ನಿಂತೂ ಒಮ್ಮೆ ಕೇಳ್ರಿ. ಅವರು ಏನಂದ್ರು ಅಂತ ನನಗೊಂದು ವಾಯ್ಸ್ ಮೆಸೇಜ್ ಹಾಕ್ರಿ.